‘ನಿಮ್ಮನ್ನು ರಿಪೇರಿ ಮಾಡೋಕೆ ನಾನು ಕೂತಿಲ್ಲ’

‘ಬುದ್ಧಿ ಇದೆ, ಉಪಯೋಗಿಸಲ್ಲ’. ಒಂದನೇ ಕ್ಲಾಸಿನಿಂದ ಬಿ.ಕಾಂ ಕೊನೆಯ ಸೆಮಿಸ್ಟರ್‌ವರೆಗೆ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರು ಯಾರೂ ಕೆಟ್ಟವರಲ್ಲ. ಮೇಷ್ಟ್ರು, ಚಿಕ್ಕಮ್ಮ, ಟ್ಯೂಷನ್ ಮಿಸ್ ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದೇ ಮಾತನ್ನು ಹದಿನೈದು ವರ್ಷ ಕೇಳಿದ ಮೇಲೆ ಬೇರೆಯವರು ಹೇಳುವ ಅಗತ್ಯವೇ ಇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಮ್ಮ ತಲೆಯೇ ನಮಗೆ ಅದನ್ನು ಹೇಳಲು ಶುರು ಮಾಡುತ್ತದೆ.

ನನಗೀಗ 25 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಎರಡು ಎಕರೆ ಅಡಿಕೆ ತೋಟ, ಅಪ್ಪಯ್ಯ, ಅಮ್ಮ, ಅಜ್ಜಿ. ಡಿಗ್ರಿ ಮುಗಿಸಿ ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದಕ್ಕೆ ಬಂದು ಎರಡೂವರೆ ವರ್ಷ ಆಯ್ತು. ವಿಜಯನಗರ ಗೊತ್ತಿದ್ದವರಿಗೆ ಮುಂದಿನದ್ದನ್ನು ಹೇಳಬೇಕಿಲ್ಲ. ಬೀದಿಗೊಂದು ಕೋಚಿಂಗ್ ಸೆಂಟರ್, ಮಹಡಿಗೊಂದು ಲೈಬ್ರರಿ, ಎಲ್ಲರ ಕೈಯಲ್ಲೂ ಎಫ್‌ಡಿಎ, ಪಿಡಿಒ, ಬ್ಯಾಂಕ್ ಪರೀಕ್ಷೆಯ ಪುಸ್ತಕ. ಅಲ್ಲಿ ಸುತ್ತಲಿನವರು ದಿನಕ್ಕೆ ಹತ್ತು ಗಂಟೆ ಓದುತ್ತಿದ್ದರೆ, ನಾನು ಮೂರು ಗಂಟೆ ಒಂದೇ ಪುಟದ ಮುಂದೆ ಕೂತಿರುತ್ತಿದ್ದೆ. ಫೋನ್ ನೋಡುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಕಣ್ಣು ಸಾಲಿನ ಮೇಲೆ, ತಲೆ ಎಲ್ಲೋ. ಆದರೆ ರಾತ್ರಿ ಎರಡು ಗಂಟೆಗೆ ಯಾವುದೋ ವಿಷಯ ಹಿಡಿದರೆ ಬೆಳಗಾದದ್ದೂ ತಿಳಿಯುತ್ತಿರಲಿಲ್ಲ. ನಡುವೆ ಎರಡು ಕಡೆ ಕೆಲಸಕ್ಕೆ ಸೇರಿದೆ. ಎರಡೂ ಕಡೆ ಪ್ರೊಬೇಷನ್ ದಾಟಲಿಲ್ಲ. ‘ಕೆಲಸ ಚೆನ್ನಾಗಿ ಮಾಡ್ತೀರಿ, ಆದ್ರೆ ಯಾವಾಗ ಮಾಡ್ತೀರಿ ಅಂತ ನಂಬಕ್ಕಾಗಲ್ಲ’ ಎಂದರು ಒಬ್ಬರು.

ಊರಿಂದ ತಿಂಗಳು ತಿಂಗಳು ಬರುತ್ತಿದ್ದ ದುಡ್ಡು ಅಡಿಕೆಯದ್ದು. ಎಲೆಚುಕ್ಕಿ ರೋಗ ಬಿದ್ದ ತೋಟದ ದುಡ್ಡು. ಅದನ್ನು ಖರ್ಚು ಮಾಡುವಾಗ ಒಂದೊಂದು ಊಟವೂ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬದುಕುವುದೇ ಬೇಡ ಅನ್ನಿಸಿದ ದಿನಗಳೂ ಇದ್ದವು. ರೂಮ್‌ಮೇಟ್ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅಂಥ ಒಂದು ವಾರದಲ್ಲಿ.

ಹೆಸರು ಸಿಕ್ಕ ಮೇಲೆ

ಸರ್ಕಾರಿ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಮೊದಲು ಖಿನ್ನತೆಗೆ ಚಿಕಿತ್ಸೆ ಶುರುವಾಯಿತು. ಮೂರು ತಿಂಗಳಾದ ಮೇಲೆ ವೈದ್ಯರು ‘ಚಿಕ್ಕವರಿದ್ದಾಗ ಹೇಗಿದ್ರಿ?’ ಎಂದು ಕೇಳತೊಡಗಿದರು. ಅಮ್ಮ ಟ್ರಂಕಿನ ತಳದಿಂದ ಪ್ರಾಥಮಿಕ ಶಾಲೆಯ ಪ್ರಗತಿಪತ್ರಗಳನ್ನು ಹುಡುಕಿ ಫೋಟೊ ಕಳಿಸಿದಳು. ‘ಜಾಣೆ, ಗಮನ ಕಡಿಮೆ’, ‘ಕನಸು ಕಾಣುತ್ತಾಳೆ’, ‘ವಸ್ತುಗಳನ್ನು ಕಳೆದುಕೊಳ್ಳುತ್ತಾಳೆ’. ಹಲವು ಭೇಟಿಗಳ ಪರೀಕ್ಷೆಯ ನಂತರ ಬಂದ ಹೆಸರು ಎಡಿಎಚ್‌ಡಿ. ಗಮನವನ್ನು ಬೇಕೆಂದ ಕಡೆ ನಿಲ್ಲಿಸುವುದು, ಕೆಲಸ ಶುರು ಮಾಡುವುದು, ಸಮಯದ ಅಂದಾಜು ಇಟ್ಟುಕೊಳ್ಳುವುದು ಕಷ್ಟವಾಗುವ ಮಿದುಳಿನ ಒಂದು ಬಗೆ. ಹುಟ್ಟಿನಿಂದಲೇ ಬರುವಂಥದ್ದು, ವಂಶವಾಹಿಗಳ ಪಾತ್ರ ದೊಡ್ಡದು. ದೊಡ್ಡವರಾದ ಮೇಲೆ ಗೊತ್ತಾದರೂ 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳು ಇದ್ದವೇ ಎಂದು ವೈದ್ಯರು ನೋಡುತ್ತಾರೆ. ಆ ಹಳೆಯ ಪ್ರಗತಿಪತ್ರಗಳು ಬೇಕಾದದ್ದು ಅದಕ್ಕೆ.

ಓಡಾಡಿ ಗಲಾಟೆ ಮಾಡುವ ಹುಡುಗರನ್ನು ಶಾಲೆಯಲ್ಲಿ ಬೇಗ ಗುರುತಿಸುತ್ತಾರೆ. ಕಿಟಕಿ ಪಕ್ಕ ಸುಮ್ಮನೆ ಕೂತು ಹೊರಗೆ ನೋಡುವ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ಅವಳಿಂದ ಯಾರಿಗೂ ತೊಂದರೆ ಇಲ್ಲವಲ್ಲ!

ಹೆಸರು ಸಿಕ್ಕ ದಿನ ಸಮಾಧಾನವಾಯಿತು. ಮಾರನೇ ದಿನ ಭಯವಾಯಿತು. ಹಾಗಾದರೆ ನಾನು ಕೆಟ್ಟುಹೋದ ಯಂತ್ರವೇ? ಮಾತ್ರೆಯಿಂದ ಸರಿಹೋಗದ ಭಾಗವನ್ನು ಏನು ಮಾಡುವುದು? ಈ ಪ್ರಶ್ನೆ ಹಿಡಿದುಕೊಂಡೇ ನಾನು ಥೆರಪಿಸ್ಟ್ ಒಬ್ಬರ ಬಳಿ ಹೋದೆ. ಹೆಸರು ಬೇಡ, ನಾನು ಅವರನ್ನು ಮೇಡಂ ಎಂದೇ ಕರೆಯುವುದು.

ಫ್ಯಾನ್ ಆಫ್ ಮಾಡ್ಲಾ?

ಅದಕ್ಕೂ ಮೊದಲು ಕಾಲೇಜು ದಿನಗಳಲ್ಲಿ ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿದ್ದೆ. ಅಲ್ಲಿ ಟೈಮ್‌ಟೇಬಲ್ ಬರೆಸಿದ್ದರು, ‘ನನ್ನ ಕಣ್ಣು ನೋಡಿ ಮಾತಾಡು’ ಎಂದಿದ್ದರು. ಕಣ್ಣು ನೋಡುವ ಕೆಲಸದಲ್ಲೇ ನನ್ನ ಗಮನವೆಲ್ಲ ಖರ್ಚಾಗಿ ಅವರು ಹೇಳಿದ್ದೇನೂ ಕಿವಿಗೆ ಬಿದ್ದಿರಲಿಲ್ಲ. ಇಲ್ಲೂ ಅದೇ ಇರುತ್ತದೆ ಎಂದುಕೊಂಡೇ ಹೋದೆ.

ಮೇಡಂ ಮೊದಲು ಕೇಳಿದ್ದು ‘ಏನು ಸಮಸ್ಯೆ?’ ಎಂದಲ್ಲ. ‘ಈ ಫ್ಯಾನ್ ಸದ್ದು ಕಿರಿಕಿರಿ ಆಗ್ತಿದ್ಯಾ? ಆಫ್ ಮಾಡ್ಲಾ? ಟ್ಯೂಬ್‌ಲೈಟ್ ಬೇಡ ಅಂದ್ರೆ ಕಿಟಕಿ ತೆಗೆಯೋಣ. ಕೂತೇ ಮಾತಾಡ್ಬೇಕು ಅಂತೇನಿಲ್ಲ, ಓಡಾಡ್ಕೊಂಡು ಮಾತಾಡಬಹುದು. ನನ್ನ ಮುಖ ನೋಡ್ಲೇಬೇಕು ಅಂತಾನೂ ಇಲ್ಲ’ ಎಂದರು. ಆ ಫ್ಯಾನ್ ಕಟಕಟ ಎನ್ನುತ್ತಿತ್ತು. ಅದು ನನಗೆ ಮಾತ್ರ ಕೇಳುತ್ತಿದೆ ಎಂದುಕೊಂಡಿದ್ದೆ.

ಮೊದಲ ಸೆಷನ್‌ನ ಕೊನೆಯಲ್ಲಿ ನಾನು ‘ನನ್ನನ್ನ ನಾರ್ಮಲ್ ಮಾಡಿ ಮೇಡಂ, ಎಷ್ಟು ಸೆಷನ್ ಬೇಕಾಗುತ್ತೆ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮನ್ನು ರಿಪೇರಿ ಮಾಡೋಕೆ ನಾನು ಕೂತಿಲ್ಲ. ನಿಮಗೆ ಕಷ್ಟ ಇದೆ, ಅದು ನಿಜ. ಅದು ಕಮ್ಮಿ ಆಗೋಕೆ ಇಬ್ಬರೂ ಸೇರಿ ದಾರಿ ಹುಡುಕೋಣ. ಆದ್ರೆ ನೀವು ಬೇರೆ ಯಾರೋ ಆಗೋದು ನಮ್ಮ ಗುರಿ ಅಲ್ಲ’ ಎಂದರು. ಪಿ.ಜಿ.ಗೆ ಬಂದು ಈ ಮಾತನ್ನು ಡೈರಿಯಲ್ಲಿ ಬರೆದಿಟ್ಟೆ. ಆಮೇಲೆ ಅದರ ಬಗ್ಗೆ ಓದತೊಡಗಿದೆ.

ತೋಟದಲ್ಲಿ ಒಂದೇ ಬೆಳೆ ಇರಲ್ಲ

ಮೇಡಂ ಅನುಸರಿಸುವ ಈ ರೀತಿಗೆ ‘ನ್ಯೂರೋಡೈವರ್ಸಿಟಿ’ಯನ್ನು ಒಪ್ಪಿಕೊಂಡ ಥೆರಪಿ ಎನ್ನುತ್ತಾರೆ. ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದೇನೋ. ಆ ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1990ರ ದಶಕದಲ್ಲಿ ಆಟಿಸಂ ಇರುವವರೇ ತಮ್ಮತಮ್ಮಲ್ಲಿ ಪತ್ರ, ಇಂಟರ್ನೆಟ್ ಗುಂಪುಗಳ ಮೂಲಕ ಮಾತಾಡಿಕೊಳ್ಳುತ್ತಿದ್ದಾಗ ಬೆಳೆದ ಆಲೋಚನೆ ಅದು. ಆಟಿಸಂ ಇರುವ ಅಮೆರಿಕದ ಜಿಮ್ ಸಿಂಕ್ಲೇರ್ 1993ರಲ್ಲೇ ಪೋಷಕರಿಗೆ ‘ನಮಗಾಗಿ ಶೋಕಿಸಬೇಡಿ’ ಎಂಬ ಅರ್ಥದ ಲೇಖನ ಬರೆದಿದ್ದರು. 1998ರ ಹೊತ್ತಿಗೆ ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಮತ್ತು ಅಮೆರಿಕದ ಪತ್ರಕರ್ತ ಹಾರ್ವಿ ಬ್ಲೂಮ್ ಅವರ ಬರಹಗಳಲ್ಲಿ ಈ ಪದ ಅಚ್ಚಾಯಿತು. ಕಾಡಿನಲ್ಲಿ ಜೀವವೈವಿಧ್ಯ ಇರುವಂತೆ ಮನುಷ್ಯರ ಮಿದುಳುಗಳಲ್ಲೂ ವೈವಿಧ್ಯ ಇದೆ, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಕೂರಿಸಲು ಹೋಗಬೇಡಿ ಎಂಬುದು ಅದರ ಸಾರ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಎಲ್ಲವೂ ಈ ಮಾತಿನ ವ್ಯಾಪ್ತಿಗೆ ಬರುತ್ತವೆ.

ಮಲೆನಾಡಿನವರಿಗೆ ಇದು ಹೊಸದಲ್ಲ. ನಮ್ಮ ತೋಟದಲ್ಲಿ ಅಡಿಕೆ ಮೇಲೆ ಬಿಸಿಲಿಗೆ ತಲೆ ಚಾಚಿರುತ್ತದೆ, ಕಾಳುಮೆಣಸು ಅದನ್ನು ತಬ್ಬಿ ಹತ್ತುತ್ತದೆ, ಏಲಕ್ಕಿ ಕೆಳಗೆ ನೆರಳಲ್ಲಿ ತಣ್ಣಗಿರುತ್ತದೆ. ಏಲಕ್ಕಿಯನ್ನು ತಂದು ಬಯಲಲ್ಲಿ ನೆಟ್ಟು, ಅದು ಬಾಡಿದಾಗ ‘ಇದಕ್ಕೆ ಸೋಮಾರಿತನ’ ಎಂದು ಯಾರೂ ಬೈಯುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂದು ಬಹಳ ಕಾಲ ಹೇಳುತ್ತಿದ್ದರು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ತಿರುಗಿಸಿ ಕೇಳಿದರು: ಉಳಿದವರಿಗೆ ಆಟಿಸಂ ಇರುವವರ ಮನಸ್ಸು ಅರ್ಥವಾಗುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದ ಮೇಲೆ ಬದಲಾಗಬೇಕಾದ ಭಾರವನ್ನು ಒಬ್ಬರ ತಲೆಯ ಮೇಲೆ ಮಾತ್ರ ಹೊರಿಸುವುದು ಯಾವ ನ್ಯಾಯ? ನನ್ನದು ಆಟಿಸಂ ಅಲ್ಲ. ಆದರೂ ಪ್ರೊಬೇಷನ್‌ನಲ್ಲಿ ಕೈಬಿಟ್ಟ ಆ ಎರಡು ಕೆಲಸಗಳ ನೆನಪಾಯಿತು. ನನ್ನ ಕೆಲಸದ ರೀತಿಯ ಬಗ್ಗೆ ಅಲ್ಲಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ನಗು ಮತ್ತು ಮೌನ

ಥೆರಪಿ ಅಂದರೆ ಏನೋ ತಂತ್ರ, ಟಿಪ್ಸ್, ಹೋಮ್‌ವರ್ಕ್ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅವೂ ಇರುತ್ತವೆ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದ ಪ್ರಬಂಧವೊಂದರಲ್ಲಿ, ಮನುಷ್ಯ ಬದಲಾಗಲು ಬೇಕಾದದ್ದು ಒಂದು ಬಗೆಯ ಸಂಬಂಧ ಎಂದರು. ಎದುರಿಗಿರುವವರು ನಾಟಕವಾಡದೆ ನಿಜವಾಗಿರಬೇಕು, ಷರತ್ತಿಲ್ಲದೆ ನಮ್ಮನ್ನು ಒಪ್ಪಬೇಕು, ನಮ್ಮ ಜಾಗದಲ್ಲಿ ನಿಂತು ನೋಡಲು ಪ್ರಯತ್ನಿಸಬೇಕು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬವರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಗುರಿ ಏನು ಎಂಬುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು, ಅದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಒಪ್ಪಿಗೆ ಇರಬೇಕು, ನಡುವೆ ನಂಬಿಕೆಯ ನಂಟು ಇರಬೇಕು. ಯಾವ ಪದ್ಧತಿಯ ಥೆರಪಿ ಆದರೂ ಈ ನಂಟು ಗಟ್ಟಿಯಿದ್ದಲ್ಲಿ ಫಲ ಹೆಚ್ಚು ಎಂಬುದನ್ನು ಆಮೇಲಿನ ಅನೇಕ ಅಧ್ಯಯನಗಳು ತೋರಿಸಿವೆ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ. ಆರನೇ ಸೆಷನ್ ಇರಬೇಕು. ಸ್ನಾನಕ್ಕೆ ನೀರು ತುಂಬಿಸಿಕೊಂಡು ಬಕೆಟ್ ಮುಂದೆ ಅರ್ಧ ಗಂಟೆ ನಿಂತೇ ಇದ್ದೆ, ಮೊದಲ ತಂಬಿಗೆ ನೀರು ಎತ್ತಲು ಆಗಲಿಲ್ಲ ಎಂದು ಹೇಳಿದೆ. ಯಾರಿಗೂ ಹೇಳಿರದ ವಿಷಯ ಅದು. ಮೇಡಂ ನಕ್ಕು, ‘ಅಯ್ಯೋ, ಸೋಮವಾರ ಬೆಳಿಗ್ಗೆ ನಂಗೂ ಹಂಗೇ ಆಗುತ್ತೆ’ ಎಂದರು. ನನ್ನನ್ನು ಹಗುರ ಮಾಡಲೆಂದೇ ಹೇಳಿದ್ದಿರಬೇಕು. ಆದರೆ ನನ್ನ ಬಾಯಿ ಕಟ್ಟಿತು. ಉಳಿದ ಇಪ್ಪತ್ತು ನಿಮಿಷ ‘ಹೂಂ’, ‘ಹೌದು’ ಎಂದಷ್ಟೇ ಹೇಳಿ ಎದ್ದು ಬಂದೆ. ಮುಂದಿನ ವಾರ ಹೋಗಲು ಕಾಲೇಳಲಿಲ್ಲ. ‘ಈ ವಾರ ಬರಲ್ಲ’ ಎಂದು ಮೆಸೇಜ್ ಹಾಕಿದೆ.

ಉತ್ತರ ಬಂತು: ‘ಆಯ್ತು. ಹೋದ ಸಲ ನಾನು ನಕ್ಕ ಮೇಲೆ ನೀವು ಸುಮ್ಮನಾದ್ರಿ. ಅದರ ಬಗ್ಗೆ ನಾನು ಯೋಚನೆ ಮಾಡ್ತಾ ಇದ್ದೀನಿ. ನಿಮಗೆ ಇಷ್ಟವಿದ್ರೆ ಮಾತಾಡೋಣ, ಇಲ್ಲದಿದ್ರೂ ನಿಮ್ಮ ಗುರುವಾರದ ಸಮಯ ನಿಮಗೇ ಇರುತ್ತೆ.’

ಮತ್ತೊಂದು ವಾರ ಬಿಟ್ಟು ಹೋದೆ. ಅವರು ಸಮಜಾಯಿಷಿ ಕೊಡಲಿಲ್ಲ. ‘ನಿಮ್ಮ ಅರ್ಧ ಗಂಟೆ ನನ್ನ ಸೋಮವಾರದ ಥರದ್ದಲ್ಲ. ಅದನ್ನ ಚಿಕ್ಕದು ಮಾಡಿದ್ದು ನನ್ನ ತಪ್ಪು. ಆವತ್ತು ಏನನ್ನಿಸ್ತು ಹೇಳ್ತೀರಾ?’ ಎಂದರು. ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೆ ಕೂಡ. ‘ಎಲ್ಲರಿಗೂ ಹಂಗೇ ಆಗುತ್ತೆ’ ಎಂಬ ಮಾತನ್ನು ನಾನು ಎಲ್ಲೆಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಹೇಗೆ ನಕ್ಕು ಸುಮ್ಮನಾಗಿದ್ದೇನೆ ಎಂಬುದೆಲ್ಲ ಹೊರಗೆ ಬಂತು. ನನಗಿಂತ ದೊಡ್ಡವರು, ಓದಿಕೊಂಡವರು, ಕುರ್ಚಿಯ ಆ ಕಡೆ ಕೂತವರು ನನ್ನೆದುರು ‘ನನ್ನ ತಪ್ಪು’ ಎಂದದ್ದು ಅದೇ ಮೊದಲು. ನಂಟು ಹರಿಯದೇ ಇರುವುದು ಮುಖ್ಯವಲ್ಲ, ಹರಿದದ್ದನ್ನು ಕೂತು ಹೊಲಿಯಲು ಆಗುತ್ತದೆ ಎಂದು ನಾನು ಕಲಿತದ್ದು ಆ ದಿನ. ಆಮೇಲೆ ಅಮ್ಮನ ಜೊತೆ, ರೂಮ್‌ಮೇಟ್ ಜೊತೆ ಬೇಜಾರಾದಾಗ ವಾರಗಟ್ಟಲೆ ಮಾತು ಬಿಡುವ ಬದಲು ‘ಆ ಮಾತು ನಂಗೆ ಚುಚ್ಚಿತು’ ಎಂದು ಹೇಳಲು ಸಾಧ್ಯವಾಗುತ್ತಿದೆ.

ಅಪ್ಪಯ್ಯ ಬಂದಿದ್ದರು

ಮನೆಯವರನ್ನು ಒಮ್ಮೆ ಕರೆಸೋಣವೇ ಎಂದು ಮೇಡಂ ಕೇಳಿದಾಗ ನನಗೆ ಹೆದರಿಕೆಯಾಗಿತ್ತು. ನಾನು ಒಪ್ಪದೆ ಏನನ್ನೂ ಮನೆಯವರಿಗೆ ಹೇಳುವುದಿಲ್ಲ ಎಂದು ಖಾತ್ರಿ ಮಾಡಿದ ಮೇಲೆ ಹೂಂ ಎಂದೆ. ಅಪ್ಪಯ್ಯ ರಾತ್ರಿ ಬಸ್ಸಿಗೆ ಬಂದರು, ಕೈಯಲ್ಲಿ ಮೇಡಂಗೆಂದು ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ.

ಕೂತ ಕೂಡಲೇ ಅವರು ಕೇಳಿದ್ದು: ‘ಇದು ವಾಸಿ ಆಗ್ತದಾ ಮೇಡಂ?’

‘ವಾಸಿ ಮಾಡೋ ಥರದ್ದಲ್ಲ ಸರ್ ಇದು. ಕಷ್ಟ ಕಮ್ಮಿ ಮಾಡಬಹುದು. ಅದಕ್ಕೆ ನಿಮ್ಮ ಸಹಾಯ ಬೇಕು. ಊರಲ್ಲಿ ಇವರು ಯಾವ ಕೆಲಸ ಚೆನ್ನಾಗಿ ಮಾಡ್ತಾರೆ ಹೇಳಿ’ ಎಂದರು ಮೇಡಂ.

ಅಪ್ಪಯ್ಯನಿಗೆ ಆ ಪ್ರಶ್ನೆ ನಿರೀಕ್ಷೆ ಇರಲಿಲ್ಲ. ಯೋಚಿಸಿ ಹೇಳಿದರು: ‘ಅಡಿಕೆ ಸುಲಿಯೋದು. ಕೊಯ್ಲಿನ ಟೈಮಲ್ಲಿ ಮೆಟ್ಟುಗತ್ತಿ ಮುಂದೆ ಕೂತ್ರೆ ರಾತ್ರಿ ಹನ್ನೆರಡಾದ್ರೂ ಏಳೋದಿಲ್ಲ. ಅವಳ ದೊಡ್ಡಮ್ಮನಿಗಿಂತ ಒಂದು ಡಬ್ಬ ಜಾಸ್ತಿನೇ ಸುಲೀತಾಳೆ. ಅದೇ ನಂಗೆ ಅರ್ಥ ಆಗದ್ದು. ಅಲ್ಲಿ ಕೂರಕ್ಕೆ ಆಗೋಳಿಗೆ ಪುಸ್ತಕದ ಮುಂದೆ ಕೂರಕ್ಕೆ ಎಂತ ಆಗ್ತದೆ?’

ಮೇಡಂ ಅಲ್ಲೇ ಹಿಡಿದರು. ಸುಲಿಯುವಾಗ ಸುತ್ತ ಯಾರಿರುತ್ತಾರೆ? ಏಳೆಂಟು ಜನ. ಮಾತು ಇರುತ್ತದೆಯೇ? ಇರುತ್ತದೆ, ರೇಡಿಯೊ ಕೂಡ. ಕೈಗೆ ಕೆಲಸ? ಇದ್ದೇ ಇದೆ. ಎಷ್ಟು ಮುಗಿಯಿತು ಎಂದು ತಿಳಿಯುವುದು ಹೇಗೆ? ಡಬ್ಬ ತುಂಬಿದಾಗ. ‘ನೋಡಿ ಸರ್, ಅಲ್ಲಿ ಇವರಿಗೆ ಬೇಕಾದ್ದೆಲ್ಲ ಇದೆ. ಪಕ್ಕದಲ್ಲಿ ಜನ, ಕೈಗೆ ಕೆಲಸ, ಕಣ್ಣಿಗೆ ಕಾಣೋ ಲೆಕ್ಕ. ಪಿ.ಜಿ. ರೂಮಲ್ಲಿ ಒಬ್ಬರೇ ಪುಸ್ತಕ ಹಿಡಿದು ಕೂತರೆ ಇದರಲ್ಲಿ ಒಂದೂ ಇಲ್ಲ.’

ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಇದು ಕಾಯಿಲೆ ಅಂದ್ರೆ ನಂಗೂ ಇದ್ದಿರಬೇಕು ಮೇಡಂ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮೇಷ್ಟ್ರು ದಿನಾ ಬೆಂಚಿನ ಮೇಲೆ ನಿಲ್ಲಿಸೋರು. ಲೆಕ್ಕ ಬರ್ತಿತ್ತು, ಬರೆಯಕ್ಕೆ ಕೂರಕ್ಕೆ ಆಗ್ತಿರ್ಲಿಲ್ಲ’ ಎಂದರು. ಅಪ್ಪಯ್ಯ ಶಾಲೆ ಬಿಟ್ಟದ್ದು ಮನೆಯ ಕಷ್ಟಕ್ಕೆ ಎಂದೇ ನಮಗೆಲ್ಲ ಗೊತ್ತಿದ್ದದ್ದು. ಮೇಡಂ ಅವರಿಗೆ ಯಾವ ಹಣೆಪಟ್ಟಿಯನ್ನೂ ಹಚ್ಚಲಿಲ್ಲ. ‘ಆಗ ಯಾರಾದ್ರೂ ಕೇಳಿದ್ರೆ ಚೆನ್ನಾಗಿತ್ತು ಅಲ್ವಾ ಸರ್?’ ಎಂದಷ್ಟೇ ಕೇಳಿದರು. ಅಪ್ಪಯ್ಯ ತಲೆಯಾಡಿಸಿದರು. ವಾಪಸ್ ಬಸ್ಸು ಹತ್ತುವಾಗ ನನಗೆ ಹೇಳಿದ್ದು ಒಂದೇ ಮಾತು: ‘ನೀ ಓದೋದು ಬಿಡಬೇಡ ಮಾರಾಯ್ತಿ. ದುಡ್ಡಿನ ವಿಚಾರ ನಂಗೆ ಬಿಡು.’

ಡಬ್ಬದ ಲೆಕ್ಕ

ಆ ಸೆಷನ್ ಆದ ಮೇಲೆ ನಾವು ಓದಿನ ರೀತಿಯನ್ನೇ ಬದಲಿಸಿದೆವು. ಟೈಮ್‌ಟೇಬಲ್ ಕಿತ್ತು ಹಾಕಿದ್ದಾಯಿತು. ರೂಮಿನ ಬದಲು ಲೈಬ್ರರಿ, ಅದೂ ಗೆಳತಿಯ ಪಕ್ಕದ ಕುರ್ಚಿ. ಅವಳು ಅವಳ ಪಾಡಿಗೆ, ನಾನು ನನ್ನ ಪಾಡಿಗೆ. ಪಕ್ಕದಲ್ಲಿ ಒಬ್ಬರು ಕೆಲಸ ಮಾಡುತ್ತಿದ್ದರೆ ನಮ್ಮ ಕೆಲಸವೂ ಶುರುವಾಗುತ್ತದೆ ಎಂಬುದು ಎಡಿಎಚ್‌ಡಿ ಇರುವ ಅನೇಕರ ಅನುಭವ. ಒಂದು ಅಧ್ಯಾಯವನ್ನು ಇಪ್ಪತ್ತು ಚೀಟಿಗಳಾಗಿ ಬರೆದು, ಮುಗಿದ ಚೀಟಿಯನ್ನು ಹಾರ್ಲಿಕ್ಸ್ ಬಾಟ್ಲಿಗೆ ಹಾಕುತ್ತೇನೆ. ಅದೇ ನನ್ನ ಡಬ್ಬ. ಓದುವಾಗ ಕೈಯಲ್ಲಿ ಕ್ರೋಶಾ ಕಡ್ಡಿ ಇರುತ್ತದೆ. ಸೆಷನ್‌ನಲ್ಲಿ ಮಾತಾಡಿದ್ದು ಮರೆಯುತ್ತದೆಂದು ಕೊನೆಯ ಐದು ನಿಮಿಷ ಇಬ್ಬರೂ ಸೇರಿ ನಾಲ್ಕು ಸಾಲು ಬರೆಯುತ್ತೇವೆ. ಇವು ಯಾವುವೂ ಮಾಯಾಮಂತ್ರವಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ನನ್ನ ಬದುಕಿನಿಂದಲೇ ಹೆಕ್ಕಿ ತೆಗೆದದ್ದರಿಂದ ನನಗೆ ಹೊಂದಿತು.

ಎರಡು ತಿಂಗಳ ಹಿಂದೆ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಜಿಎಸ್‌ಟಿ ರಿಟರ್ನ್ಸ್ ತುಂಬುವ ಕೆಲಸ. ತಿಂಗಳ 11, ತಿಂಗಳ 20 ಎಂದು ಕೊನೆಯ ದಿನಾಂಕಗಳು ಕಣ್ಣೆದುರೇ ಇರುವುದು ನನ್ನಂಥವಳಿಗೆ ಅನುಕೂಲ. ಸೇರುವಾಗ ಎಡಿಎಚ್‌ಡಿ ಎಂದು ಹೇಳಬೇಕೇ ಬೇಡವೇ ಎಂಬುದು ಮೂರು ಸೆಷನ್‌ಗಳ ಚರ್ಚೆಯಾಗಿತ್ತು. ಮೇಡಂ ಹೇಳಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗಬಹುದು ಎಂದು ಎರಡು ಕಾಲಂ ಬರೆದೆವು. ನಾನು ಹೆಸರು ಹೇಳದೆ, ಬೇಕಾದದ್ದನ್ನು ಮಾತ್ರ ಕೇಳಿದೆ: ‘ಬಾಯಲ್ಲಿ ಹೇಳಿದ ಕೆಲಸವನ್ನು ಒಂದು ಸಾಲು ವಾಟ್ಸ್‌ಆ್ಯಪ್ ಮಾಡ್ತೀರಾ ಸರ್? ಗೋಡೆ ಕಡೆ ಮುಖ ಮಾಡಿ ಕೂರಬಹುದಾ? ಹೆಡ್‌ಫೋನ್ ಹಾಕಬಹುದಾ?’ ಮೊದಲ ಎರಡಕ್ಕೆ ಒಪ್ಪಿದರು. ಗಿರಾಕಿಗಳು ಬರುವ ಜಾಗ ಎಂದು ಮೂರನೆಯದಕ್ಕೆ ಒಪ್ಪಲಿಲ್ಲ. ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿದೆ.

ಕಾನೂನಿನ ವಿಷಯವನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆಗಳಿವೆ. ಎಡಿಎಚ್‌ಡಿಯ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಆಟಿಸಂ ಅಥವಾ ಕಲಿಕಾ ತೊಂದರೆ ಇರುವ ಗೆಳೆಯರು ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಪರೀಕ್ಷೆಯ ಹೆಚ್ಚುವರಿ ಸಮಯ, ಮೀಸಲಾತಿಯ ಬಗ್ಗೆ ತಪ್ಪದೆ ವಿಚಾರಿಸಬೇಕು. ನನ್ನಂಥವರಿಗೆ ಸದ್ಯ ಇರುವುದು ಬಾಯಿಬಿಟ್ಟು ಕೇಳುವ ದಾರಿ.

ಒಪ್ಪಿಕೊಳ್ಳುವುದು ಅಂದರೆ

‘ನೀನು ಇರೋ ಥರಾನೇ ಸರಿ’ ಎಂದು ಬೆನ್ನು ತಟ್ಟಿ ಕಳಿಸುವುದಕ್ಕೆ ಥೆರಪಿಸ್ಟ್ ಏಕೆ ಬೇಕು ಎಂದು ಗೆಳತಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮಿದುಳಿನ ರೀತಿಯನ್ನು ಒಪ್ಪಿಕೊಳ್ಳುವುದು ಬೇರೆ, ಕಷ್ಟವೇ ಇಲ್ಲ ಎನ್ನುವುದು ಬೇರೆ. ನಾನು ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತೇನೆ. ಖಿನ್ನತೆ ಬಂದರೆ ಅದಕ್ಕೆ ಚಿಕಿತ್ಸೆ ಬೇಕು, ಆತಂಕಕ್ಕೆ ಚಿಕಿತ್ಸೆ ಬೇಕು. ಮೇಡಂ ಮಾತ್ರೆಗೆ ವಿರೋಧಿಯಲ್ಲ. ಅವರು ವಿರೋಧಿಸುವುದು ನಾನು ಇಪ್ಪತ್ತನಾಲ್ಕು ಗಂಟೆಯೂ ಬೇರೆಯವರಂತೆ ನಟಿಸುವುದನ್ನು. ಆ ನಟನೆಗೆ ಎಷ್ಟು ಶಕ್ತಿ ಖರ್ಚಾಗುತ್ತದೆಂದರೆ, ಸಂಜೆ ರೂಮಿಗೆ ಬಂದ ಮೇಲೆ ಚಪ್ಪಲಿ ಬಿಚ್ಚಲೂ ಏನೂ ಉಳಿದಿರುವುದಿಲ್ಲ.

ಎಡಿಎಚ್‌ಡಿ ಒಂದು ‘ಸೂಪರ್ ಪವರ್’ ಎಂದು ರೀಲ್ಸ್‌ಗಳಲ್ಲಿ ಹೇಳುವುದೂ ನನಗೆ ಹಿಡಿಸುವುದಿಲ್ಲ. ಪವರ್ ಇದ್ದಿದ್ದರೆ ಬಸ್ ಪಾಸ್ ಮೂರು ಸಲ ಕಳೆಯುತ್ತಿರಲಿಲ್ಲ. ಹಾಗೆಯೇ ನಾಲ್ಕು ರೀಲ್ಸ್ ನೋಡಿ ‘ನಂಗೂ ಇದೆ’ ಎಂದು ತೀರ್ಮಾನಿಸುವುದೂ ಸಾಲದು. ನಿದ್ದೆಗೆಟ್ಟರೆ, ಥೈರಾಯ್ಡ್ ಏರುಪೇರಾದರೆ, ಖಿನ್ನತೆ ಇದ್ದರೆ ಕೂಡ ಗಮನ ಹೋಗುತ್ತದೆ. ಅನುಮಾನ ಬಂದರೆ ಅದು ವೈದ್ಯರ ಬಳಿ ಹೋಗಲು ಒಂದು ಕಾರಣ, ಅಷ್ಟೇ.

ದುಡ್ಡಿನ ಮಾತನ್ನು ಮುಚ್ಚಿಡಬಾರದು. ಖಾಸಗಿ ಥೆರಪಿ ನಮ್ಮಂಥವರಿಗೆ ಭಾರವೇ. ಮೊದಲಿಗೆ ಒಂದು ಸೆಷನ್‌ಗೆ ನನ್ನ ಪಿ.ಜಿ. ಬಾಡಿಗೆಯ ಕಾಲು ಭಾಗ ಹೋಗುತ್ತಿತ್ತು. ಬಾಯಿಬಿಟ್ಟು ಕೇಳಿದ ಮೇಲೆ ಮೇಡಂ ಫೀಸ್ ಇಳಿಸಿದರು, ವಾರಕ್ಕೊಮ್ಮೆ ಇದ್ದದ್ದನ್ನು ಹದಿನೈದು ದಿನಕ್ಕೊಮ್ಮೆ ಮಾಡಿದೆವು. ಎಲ್ಲರೂ ಇಳಿಸುತ್ತಾರೆಂದು ಹೇಳಲಾರೆ. ಆದರೆ ಕೇಳಬಹುದು, ಅದು ಅವಮಾನದ ಮಾತಲ್ಲ.

ನೀವೂ ಹುಡುಕುವುದಾದರೆ

ನನ್ನ ಅನುಭವದಿಂದ ನಾಲ್ಕು ಮಾತು. ಒಂದು, ಓದಿನ ಅರ್ಹತೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಎರಡು, ‘ಎಡಿಎಚ್‌ಡಿ ಅಥವಾ ಆಟಿಸಂ ಇರುವ ದೊಡ್ಡವರ ಜೊತೆ ಹೇಗೆ ಕೆಲಸ ಮಾಡ್ತೀರಿ, ಗುರಿ ಏನಿಟ್ಟುಕೊಳ್ತೀರಿ?’ ಎಂದು ಕೇಳಿ. ‘ನಾರ್ಮಲ್ ಮಾಡ್ತೀವಿ’ ಎಂಬ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ. ಮೂರು, ನೀವು ಹೇಳಿದ್ದು ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು. ಅವು ಯಾವುವು ಎಂದು ಮೊದಲ ದಿನವೇ ಕೇಳಿ ತಿಳಿಯಿರಿ. ನಾಲ್ಕು, ಮೂರ್ನಾಲ್ಕು ಸೆಷನ್ ಆದ ಮೇಲೂ ಆ ಕೋಣೆಯಲ್ಲಿ ನೀವು ನಟಿಸುತ್ತಿದ್ದೀರಿ ಎನಿಸಿದರೆ ಅದನ್ನು ಅವರಿಗೇ ಹೇಳಿ. ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದರಲ್ಲೇ ಉತ್ತರ ಇರುತ್ತದೆ.

ದುಡ್ಡಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬದುಕೇ ಬೇಡ ಎನಿಸುತ್ತಿದ್ದರೆ ಇವತ್ತೇ ಮಾಡಿ, ನಾಳೆಗೆ ಇಡಬೇಡಿ. ಒಬ್ಬರೇ ಆಗದಿದ್ದರೆ ಪಕ್ಕದ ಬೆಡ್‌ನವಳನ್ನು ಎಬ್ಬಿಸಿ. ನನ್ನನ್ನು ಆಸ್ಪತ್ರೆಗೆ ಕರೆದೊಯ್ದ ಗೆಳತಿ ಮನಶ್ಶಾಸ್ತ್ರ ಓದಿದವಳಲ್ಲ, ಬಳ್ಳಾರಿಯ ಸಿವಿಲ್ ಡಿಪ್ಲೊಮಾ ಹುಡುಗಿ.

ಇದನ್ನೆಲ್ಲ ಓದಿ ನಿಮಗೆ ನಿಮ್ಮ ಗೆಳೆಯನೋ ತಂಗಿಯೋ ನೆನಪಾಗಿರಬಹುದು. ರೂಮಿನಲ್ಲಿ ಬಟ್ಟೆ ರಾಶಿ ಹಾಕಿಕೊಂಡು, ಪುಸ್ತಕ ತೆರೆದಿಟ್ಟುಕೊಂಡು, ಎಲ್ಲೋ ನೋಡುತ್ತಾ ಕೂತಿರುವವರು. ಅವರಿಗೆ ಟೈಮ್‌ಟೇಬಲ್ ಬರೆದುಕೊಡಬೇಡಿ. ‘ಎಲ್ಲರಿಗೂ ಹಂಗೇ’ ಎನ್ನಲೂ ಬೇಡಿ. ನಿಮ್ಮ ಪುಸ್ತಕವನ್ನೂ ತೆಗೆದುಕೊಂಡು ಹೋಗಿ, ‘ನಿನ್ನ ಪಕ್ಕ ಕೂತ್ಕೊಳ್ಳಲಾ?’ ಎಂದು ಕೇಳಿ. ಕೂತ ಮೇಲೆ ನಿಮ್ಮ ಪಾಡಿಗೆ ನೀವು ಓದಿ. ಬೇಕೆನಿಸಿದಾಗ ಅವರೇ ಮಾತಾಡುತ್ತಾರೆ.